ನಿಟ್ಟೂರು ಬಂದರಿನ ಏಕಮಾತ್ರ ರಫ್ತುದಾರರು

ಗುಬ್ಬಿ ತಾಲ್ಲೂಕಿನ ನಿಟ್ಟೂರು ಸಮುದ್ರ ಮಟ್ಟದಿಂದ ಸುಮಾರು ಎಂಟುನೂರು ಮೀಟರ್ ಎತ್ತರದಲ್ಲಿದ್ದು, ಅಲ್ಲಿಂದ ಕಡಲಿಗೆ ಲಾರಿಯಲ್ಲಿ ಹೋದರೆ ಒಂದು ಹಗಲು ಹಿಡಿಯುತ್ತದೆ. ಈ ಎರಡೂ ಸಂಗತಿಗಳನ್ನು ಗಮನದಲ್ಲಿರಿಸಿಕೊಂಡು ಸರ್ಕಾರವು ೧೯೯೭ನೇ ಇಸವಿಯಲ್ಲಿ ನಿಟ್ಟೂರಿಗೆ ಒಂದು ಬಂದರನ್ನು ಮಂಜೂರು ಮಾಡಿತು.

ಇದು ಒಣ ಬಂದರು. ಒಣ ಬಂದರಿಗೆ ನೀರು ಬೇಕಾಗಿಲ್ಲ. ಒಳನಾಡಿನ ಸರಕನ್ನು ಅಲ್ಲೇ ತಪಾಸಣೆ ಮಾಡಿ, ಕಂಟೇನರಿಗೆ ತುಂಬಿ, ಮೊಹರು ಹಾಕಿ, ರೈಲಿನಲ್ಲಿ ಕಡಲ ಬಂದರಿಗೆ ಕಳಿಸುವ ಏರ್ಪಾಡು. ಅಡಿಗಲ್ಲು ಸಮಾರಂಭದಲ್ಲಿ ಊರಿನ ಹಿರಿಯರೊಬ್ಬರು ಹಡಗು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಾಗ, ಆ ವಿಷಯವನ್ನು ಎರಡನೇ ಹಂತದಲ್ಲಿ ಪರಿಶೀಲಿಸಲಾಗುವುದು ಎಂದು ಉತ್ತರಿಸಲಾಯಿತು. ಹಿರಿಯರು ಸಮಾಧಾನಗೊಂಡರು.

ಸಾಲ ಕೊಟ್ಟದ್ದು ಪೌರ್ವಾತ್ಯ ಸಾಗಣೆ ಅಭಿವೃದ್ಧಿ ನಿಧಿ ಎಂಬ ವಿದೇಶಿ ಸಂಸ್ಥೆ. ಏಷ್ಯಾದ ಬಡ ದೇಶಗಳು ಬಡವಾಗಿರುವುದು ಅಲ್ಲಿಯ ಸರಕು ನಿಂತಲ್ಲೇ ನಿಂತಿರುವುದರಿಂದ ಎಂದು ನಿಧಿಯವರು ಕಂಡುಹಿಡಿದಿದ್ದರು. ಸಾಲ ಮೂರು ಕಂತು. ಮೊದಲನೆಯದು ಕಟ್ಟಲಿಕ್ಕೆ, ಎರಡನೆಯದು ಸರಕು ಓಡಾಡಿದ್ದನ್ನು ತೋರಿಸಿದ ಮೇಲೆ, ಮೂರನೆಯದು ಇನ್ನೂ ಹೆಚ್ಚು ಓಡಾಡಿದ್ದನ್ನು ತೋರಿಸಿದ ಮೇಲೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸ್ಕೂಟರ್ ಬಿಡಿಭಾಗಗಳ ಅಂಗಡಿಯೊಂದರ ಮೇಲೆ ಯೋಜನಾ ಕಚೇರಿ ತೆರೆಯಲಾಯಿತು. ಆ ಕಚೇರಿಯ ಆವಕ-ಜಾವಕ ಗುಮಾಸ್ತನಾಗಿ ನಾನು ಒಂಬತ್ತು ವರ್ಷ ಇದ್ದೆ. ಹೀಗಾಗಿ ಮುಂದೆ ಹೇಳುವ ಎಲ್ಲವೂ ನಂಬರು, ದಿನಾಂಕ ಹಾಕಿಸಿಕೊಂಡು ನನ್ನ ಕೈಯಿಂದಲೇ ಹಾದುಹೋಗಿವೆ.

ವಿಶೇಷಾಧಿಕಾರಿಯಾಗಿ ಬಂದವರು ಲಕ್ಷ್ಮೀನರಸಿಂಹಯ್ಯನವರು. ಅದಕ್ಕೆ ಮುಂಚೆ ರೇಷ್ಮೆ ಇಲಾಖೆಯಲ್ಲಿದ್ದರು. ಸಜ್ಜನರು, ಯಾರಿಗೂ ಗದರಿದವರಲ್ಲ. ಬಂದರು ಎಂದರೇನೆಂದು ತಿಳಿಯಲು ತಮ್ಮ ಸ್ವಂತ ದುಡ್ಡಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಮಂಗಳೂರಿಗೆ ಹೋಗಿ ಸಮುದ್ರ ನೋಡಿ ಬಂದರು.

ಬಂದರಿಗೆ ಗುರುತಿಸಿದ ಸರ್ಕಾರಿ ಜಮೀನು ನಕ್ಷೆಯಲ್ಲಿ ಲಾಳದ ಆಕಾರದಲ್ಲಿತ್ತು. ಆ ಲಾಳದ ನಡುವೆ ರೇವಮ್ಮ ಎಂಬ ಹೆಂಗಸಿನ ಎರಡೂವರೆ ಎಕರೆ ತೆಂಗಿನ ತೋಟವೂ ತೋಟದ ಮನೆಯೂ ಇದ್ದವು. ಆಕೆಯ ಒಂದು ಗುಂಟೆ ಜಮೀನನ್ನೂ ಯಾರೂ ಮುಟ್ಟಲಿಲ್ಲ. ಈ ಬಗ್ಗೆ ಕಡತದಲ್ಲಿ ಹೆಮ್ಮೆಯ ಷರಾ ಇದೆ. ೧೯೯೯ರಲ್ಲಿ ಬಂದರಿನ ಸುತ್ತ ಏಳೂವರೆ ಅಡಿ ಎತ್ತರದ ಕಾಂಪೌಂಡ್ ಎದ್ದಿತು. ಲಾಳದ ಒಳಮೈಗೂ ಗೋಡೆ ಬಂತು. ರೇವಮ್ಮನ ತೋಟಕ್ಕೆ ಮೂರು ಕಡೆ ಗೋಡೆ, ನಾಲ್ಕನೇ ಕಡೆ ರೈಲು ಹಳಿಯ ಏರಿ, ಏರಿಯ ಆಚೆ ಕೆರೆ. ಆಕೆ ಊರಿಗೂ ಹೆದ್ದಾರಿಗೂ ಹೋಗುತ್ತಿದ್ದ ಗಾಡಿ ದಾರಿ ಈಗ ಬಂದರಿನ ಒಳಗೆ ಎಲ್ಲೋ ಇತ್ತು.

ರೇವಮ್ಮನ ಗಂಡ ಗಂಗಣ್ಣ ಲಾರಿ ಚಾಲಕ. ಮಂಗಳೂರು ಬಂದರಿಗೆ ಗ್ರಾನೈಟ್ ಸಾಗಿಸುತ್ತಿದ್ದ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ತೋಟ, ಒಂದು ಹಸು, ತುಮಕೂರಿಗೆ ಬಿ.ಕಾಂ. ಓದಲು ಹೋಗುತ್ತಿದ್ದ ಮಗಳು ಯಶಸ್ವಿನಿ, ಇವೆಲ್ಲ ರೇವಮ್ಮನ ಪಾಲು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಬೇಕು. ಅಟ್ಟದ ಮೇಲೆ ಹತ್ತು ತಿಂಗಳು ಒಣಗಿದ ಕಾಯಿ ಒಡೆದು ಉಂಡೆ ಕೊಬ್ಬರಿಯನ್ನು ತಿಪಟೂರಿನ ಹರಾಜಿಗೆ ಒಯ್ಯಬೇಕು. ಗೋಡೆಯ ಕೊನೇ ಸಾಲು ಇಟ್ಟಿಗೆ ಕಟ್ಟಿದ ಮಾರನೆಯ ಬೆಳಿಗ್ಗೆ ಆಕೆ ಹಾಲಿನ ಕ್ಯಾನ್ ಹಿಡಿದು ಹೊರಟು, ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ವಾಪಸ್ಸು ಬಂದು, ಕಾಯಿ ಕೀಳುವ ಎರಡು ಏಣಿ ತೆಗೆದುಕೊಂಡು ಹೋಗಿ ಗೋಡೆಯ ಈಚೆಗೊಂದು ಆಚೆಗೊಂದು ಒರಗಿಸಿದಳು. ಅಂದಿನಿಂದ ಹಾಲು, ಕೊಬ್ಬರಿ, ಗ್ಯಾಸ್ ಸಿಲಿಂಡರ್, ಕಾಲೇಜಿಗೆ ಹೋಗುವ ಮಗಳು, ಎಲ್ಲವೂ ಏಣಿ ಹತ್ತಿ ಇಳಿದು ಬಂದರಿನ ಬಯಲು ದಾಟಿ ರಸ್ತೆ ಕಡೆಯ ಮುಖ್ಯ ಗೇಟಿನಿಂದ ಹೋಗತೊಡಗಿದವು. ಮಳೆಗಾಲದಲ್ಲಿ ಒಂದು ದಿನ ರೇವಮ್ಮ ಮೇಲಿನ ಮೆಟ್ಟಿಲಿನಿಂದ ಜಾರಿ ಬಿದ್ದಳು. ಕಾಲು ಉಳುಕಿ ಹದಿನೈದು ದಿನ ಮಲಗಿದಳು. ಎದ್ದ ಮೇಲೆ ತುಮಕೂರಿನ ಬಸ್ಸು ಹತ್ತಿ ನಮ್ಮ ಕಚೇರಿಗೆ ಬಂದಳು.

ಲಕ್ಷ್ಮೀನರಸಿಂಹಯ್ಯನವರು ಆಕೆಗೆ ಕುರ್ಚಿ ಕೊಟ್ಟು, ಟೀ ತರಿಸಿ, ನಕ್ಷೆ ಹರಡಿ, ಕಾಲು ಗಂಟೆ ಅದನ್ನು ನೋಡಿದರು.

"ನೋಡಿ ಅಮ್ಮ, ಗೋಡೆ ನಿಮಗೆ ಅಡ್ಡ ಬಂದಿಲ್ಲ. ನೀವು ಗೋಡೆಯ ಹಿಂದೆ ಬಂದಿದ್ದೀರಿ."

"ನಾನು ಎಲ್ಲೂ ಬಂದಿಲ್ಲ ಸಾಮಿ. ಮದ್ವೆಯಾಗಿ ಬಂದಾಗ್ನಿಂದ ಅಲ್ಲೇ ಇದೀನಿ."

ಅಷ್ಟು ವರ್ಷದಿಂದ ಅಲ್ಲೇ ಇರುವುದಾಗಿ ಆಕೆಯೇ ಒಪ್ಪಿಕೊಂಡಿದ್ದನ್ನು ಬರೆದುಕೊಂಡು, ಬಂದರಿನ ಗೋಡೆಯಲ್ಲಿ ಬಾಗಿಲು ಇಡುವುದಾದರೆ ಅದು ಸುಂಕ ದ್ವಾರವೆನಿಸಿಕೊಳ್ಳುತ್ತದೆಂದೂ, ಅದಕ್ಕೆ ದೆಹಲಿಯ ಅಧಿಸೂಚನೆ ಬೇಕೆಂದೂ ಅವರು ವಿವರಿಸಿದರು. ಅಲ್ಲಿಯವರೆಗೆ ಏನು ಮಾಡಲಿ ಎಂದು ರೇವಮ್ಮ ಕೇಳಿದ್ದಕ್ಕೆ, ಏಣಿಯನ್ನು ಗಟ್ಟಿಯಾಗಿ ಕಟ್ಟಿಕೊಳ್ಳಿ ಎಂದು ಮನಸಾರೆ ಸಲಹೆ ಕೊಟ್ಟರು. ಅದೇ ತಿಂಗಳು ಗಂಗಣ್ಣ ಊರಿಗೆ ಬಂದವನು ಹೆಂಡತಿಯ ಕಾಲು ನೋಡಿ, ಗುಬ್ಬಿಯ ವಕೀಲರೊಬ್ಬರ ಮೂಲಕ ದಾರಿಗಾಗಿ ಆಕೆಯ ಹೆಸರಿನಲ್ಲಿ ದಾವೆ ಹಾಕಿಸಿದ.

೨೦೦೦ದ ಏಪ್ರಿಲಿನಲ್ಲಿ ಬಂದರು ಉದ್ಘಾಟನೆಯಾಯಿತು. ಮೂವತ್ತನಾಲ್ಕು ಮಂದಿ ಸಿಬ್ಬಂದಿ, ಎರಡು ಉಗ್ರಾಣ, ಒಂದು ತೂಕದ ಸೇತುವೆ, ಒಂದು ಕ್ರೇನ್. ಸರಕು ಮಾತ್ರ ಬರಲಿಲ್ಲ. ಬಂದರಿನ ಒಳಗೆ ಹಾಕುವ ರೈಲು ಹಳಿಯ ಅಂದಾಜುಪಟ್ಟಿ ೧೯೮೮ರದ್ದು. ಆಗ ಆ ಮಾರ್ಗ ಮೀಟರ್ ಗೇಜಿನದು. ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಹೊರಗಿನ ಹಳಿ ಅಗಲವಾಗಿಬಿಟ್ಟಿತ್ತು. ಅಂದಾಜುಪಟ್ಟಿಗೆ ಮಂಜೂರಾತಿ ಸಿಕ್ಕಿಯಾಗಿದ್ದರಿಂದ ನಮ್ಮ ಗುತ್ತಿಗೆದಾರರು ಒಳಗಿನ ಹಳಿಯನ್ನು ಹಳೇ ಅಳತೆಯಲ್ಲೇ ಹಾಕಿದರು. ಎರಡೂ ಹಳಿಗಳು ಒಂದಕ್ಕೊಂದು ಹನ್ನೆರಡು ಅಡಿ ದೂರದವರೆಗೆ ಬಂದು ನಿಂತವು. ಲಾರಿಗಳಂತೂ ಹೆದ್ದಾರಿಯಲ್ಲಿ ಬಂದರಿನ ಬೋರ್ಡು ಓದುತ್ತಾ ನೇರ ಹೋಗುತ್ತಿದ್ದವು. ಮೊದಲ ನಾಲ್ಕು ತಿಂಗಳಲ್ಲಿ ಬಂದ ವಿಚಾರಣೆ ಒಂದೇ: ಉಗ್ರಾಣವನ್ನು ಮದುವೆಗೆ ಬಾಡಿಗೆಗೆ ಕೊಡುತ್ತೀರಾ ಎಂದು.

ನಿಧಿಯಿಂದ ವಾರಕ್ಕೊಂದು ಫ್ಯಾಕ್ಸ್ ಬರತೊಡಗಿತು. ಎಷ್ಟು ಸರಕು ಸಾಗಿದೆ? ಲಕ್ಷ್ಮೀನರಸಿಂಹಯ್ಯನವರು ತೆಳ್ಳಗಾದರು.

ಆಗ ಸುಂಕದ ಇನ್‌ಸ್ಪೆಕ್ಟರ್ ಆಗಿ ಕಾಂತೇಶ್ ಎಂಬ ತರುಣ ಬಂದ. ಕೆಲಸದಲ್ಲಿ ಬಹಳ ನಿಯತ್ತು. ನಿಯಮಪುಸ್ತಕವನ್ನು ಟಿಫಿನ್ ಡಬ್ಬಿಯ ಜೊತೆ ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದ. ಬಂದ ಎರಡನೇ ದಿನ ಬೆಳಿಗ್ಗೆ ಒಬ್ಬ ಹೆಂಗಸು ಏಣಿ ಇಳಿದು ಕ್ಯಾನ್ ಹೊತ್ತು ಬಂದರಿನ ಮಧ್ಯದಲ್ಲಿ ನಡೆದುಹೋಗುತ್ತಿದ್ದುದನ್ನು ಕಂಡು ತಡೆದ. ಕ್ಯಾನನ್ನು ಜಪ್ತಿ ಮಾಡಿ ಮಹಜರು ಬರೆದ. ಹಾಲು ಮಧ್ಯಾಹ್ನದ ಹೊತ್ತಿಗೆ ಒಡೆಯಿತು. ಕೇಸು ಯಾವ ನಿಯಮದಡಿ ಹಾಕಬೇಕೆಂದು ಪುಸ್ತಕ ತಿರುವುತ್ತಾ ಹೋದವನಿಗೆ ನಿಯಮ ಹದಿನಾಲ್ಕು (ಬಿ) ಸಿಕ್ಕಿತು: "ಬಂದರಿನ ಆವರಣವನ್ನು ಒಂದು ಬದಿಯಿಂದ ಪ್ರವೇಶಿಸಿ ಮತ್ತೊಂದು ಬದಿಯಿಂದ ನಿರ್ಗಮಿಸುವ ಯಾವುದೇ ವಸ್ತುವನ್ನು, ಅದರ ಸ್ವರೂಪ ಏನೇ ಇರಲಿ, ಸಾಗಣೆಗೊಂಡ ಸರಕು ಎಂದು ಭಾವಿಸತಕ್ಕದ್ದು."

ಕಾಂತೇಶ್ ಅದನ್ನು ಎರಡು ಸಲ ಓದಿ ಪುಸ್ತಕವನ್ನು ವಿಶೇಷಾಧಿಕಾರಿಗಳ ಮುಂದಿಟ್ಟ. ಅವರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಏಣಿ ಇಳಿದದ್ದು ಕೇಸಲ್ಲ, ಬಂದರಿನ ಮೊಟ್ಟಮೊದಲ ಸರಕು ಎಂಬುದು ಅವರಿಬ್ಬರಿಗೂ ಒಟ್ಟಿಗೇ ಹೊಳೆಯಿತು. ತೋಟದಿಂದ ರಸ್ತೆಯ ಕಡೆಗೆ ಹೋದದ್ದು ರಫ್ತು, ರಸ್ತೆಯಿಂದ ತೋಟಕ್ಕೆ ಹೋದದ್ದು ಆಮದು ಎಂದು ಅಂದೇ ತೀರ್ಮಾನವಾಯಿತು. ದೆಹಲಿಯ ಅಧಿಸೂಚನೆ ಕೇಳುತ್ತಿದ್ದ ಬಾಗಿಲು ಹತ್ತೇ ದಿನದಲ್ಲಿ ಬಂತು. ಮೂರಡಿ ಅಗಲದ್ದು, ಮೇಲೆ 'ಪೂರ್ವ ಸುಂಕ ದ್ವಾರ' ಎಂಬ ಫಲಕ.

ರೇವಮ್ಮನಿಗೆ ಮೊದಲು ಸಂತೋಷವೇ ಆಯಿತು. ಏಣಿ ತಪ್ಪಿತಲ್ಲ ಎಂದು ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟಳು. ಆಮೇಲೆ ಕಾಂತೇಶ್ ಆಕೆಗೆ ಅರ್ಜಿಗಳನ್ನು ಕೊಟ್ಟ. ಹಾಲಿಗೆ ನಾಲ್ಕು ಪ್ರತಿ, ಕೊಬ್ಬರಿಗೆ ಆರು ಪ್ರತಿ. ಹಾಲಿನ ಕ್ಯಾನನ್ನು ಲಾರಿ ತೂಗುವ ಸೇತುವೆಯ ಮೇಲಿಟ್ಟು ತೂಗಬೇಕು. ಮುಳ್ಳು ಅಲುಗುತ್ತಿರಲಿಲ್ಲವಾದ್ದರಿಂದ ತೂಕ 'ಶೂನ್ಯ' ಎಂದು ಬರೆದು ಸಹಿ ಹಾಕುತ್ತಿದ್ದರು. ಇಷ್ಟೆಲ್ಲ ಆಗುವಷ್ಟರಲ್ಲಿ ಡೈರಿಯವರು ಬಾಗಿಲು ಹಾಕಿಕೊಂಡು ಹೋಗಿರುತ್ತಿದ್ದರು. ಮೊದಲ ಎರಡು ತಿಂಗಳಲ್ಲಿ ಇಪ್ಪತ್ತಾರು ದಿನ ಹಾಲು ಹುಳಿಯಾಗಿ ವಾಪಸ್ಸು ಬಂತು. ಆ ಇಪ್ಪತ್ತಾರೂ ಆಮದಿನ ಲೆಕ್ಕಕ್ಕೆ ಸೇರಿದವು. ಒಂದು ದಿನ ರೇವಮ್ಮ ಹುಳಿ ಹಾಲನ್ನು ಸುಂಕದ ದ್ವಾರದ ಬುಡಕ್ಕೇ ಸುರಿದು, ಕ್ಯಾನನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ಹಾಲು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಬಂದರು ಸ್ತಬ್ಧವಾಯಿತು.

ಮೂರನೇ ದಿನ ಯಶಸ್ವಿನಿ ಸುಂಕ ಕಚೇರಿಗೆ ಬಂದು, ಖಾಲಿ ಅರ್ಜಿಗಳ ಒಂದು ಕಟ್ಟು ಕೇಳಿ ಇಸಿದುಕೊಂಡಳು. ಅವಳು ತಾಯಿಯ ಹಾಗೆ ಜಗಳ ಆಡುವವಳಲ್ಲ. ಒಂದು ಭಾನುವಾರ ಕೂತು ತಿಂಗಳಿಗಾಗುವಷ್ಟು ಹಾಲಿನ ಅರ್ಜಿ ತುಂಬಿ, ಇನ್ನೂ ಕರೆಯದ ಹಾಲಿಗೆ ಮುಂಚಿತವಾಗಿಯೇ ಅನುಮತಿ ಪಡೆಯಲು ಅವಕಾಶ ಕೊಡುವ ನಿಯಮ ಇಪ್ಪತ್ತೆರಡನ್ನು ಕಾಂತೇಶನಿಗೆ ತೋರಿಸಿದಳು. ಕಾಂತೇಶ್ ಆ ನಿಯಮ ನೋಡಿರಲಿಲ್ಲ. ಅಂದಿನಿಂದ ಅವನು ಅವಳೊಂದಿಗೆ ಬಹುವಚನದಲ್ಲಿ ಮಾತಾಡತೊಡಗಿದ. ಹಾಲು ಮತ್ತೆ ಸಕಾಲಕ್ಕೆ ಡೈರಿ ಮುಟ್ಟಿತು.

ಮಾರ್ಚ್ ಕೊನೆಗೆ ನಿಧಿಗೆ ಅಂಕಿ ಅಂಶ ಹೋಯಿತು. ರಫ್ತು ಒಂಬೈನೂರ ಹನ್ನೊಂದು, ಆಮದು ಸಾವಿರದ ಇನ್ನೂರ ನಾಲ್ಕು. ರಫ್ತುದಾರರಲ್ಲಿ ಮಹಿಳೆಯರ ಪ್ರಮಾಣ ಎಷ್ಟು ಎಂದು ನಿಧಿಯವರು ಕೇಳಿದರು. ನೂರಕ್ಕೆ ನೂರು ಎಂದು ಸತ್ಯವನ್ನೇ ಬರೆಯಲಾಯಿತು. ಏಷ್ಯಾ ಖಂಡದಲ್ಲಿ ಬೇರಾವ ಬಂದರೂ ಈ ಸಾಧನೆ ಮಾಡಿಲ್ಲವೆಂದು ಅಭಿನಂದನೆಯ ಫ್ಯಾಕ್ಸ್ ಬಂತು. ಎರಡನೇ ಕಂತು ಬಿಡುಗಡೆಯಾಯಿತು. ಲಕ್ಷ್ಮೀನರಸಿಂಹಯ್ಯನವರು ಫ್ಯಾಕ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಇದರ ನಡುವೆ ಹಸುವಿನ ಪ್ರಕರಣ ನಡೆಯಿತು. ರೇವಮ್ಮ ತನ್ನ ಹಸುವನ್ನು ಗಬ್ಬ ಕಟ್ಟಿಸಲು ಊರಿನ ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ ಅದೇ ದಿನ ವಾಪಸ್ಸು ತಂದಿದ್ದಳು. 'ತಾತ್ಕಾಲಿಕ ರಫ್ತು, ಮರು ಆಮದು, ಹಸು ಒಂದು' ಎಂದು ದಾಖಲಾಗಿತ್ತು. ಒಂಬತ್ತು ತಿಂಗಳ ನಂತರ ಕಾಂತೇಶ್ ತೋಟದ ಕಡೆ ಹೋದಾಗ ಅಲ್ಲಿ ಎರಡು ದನ ಕಂಡವು. ಆಮದು ದಾಖಲೆಯಿಲ್ಲದ ಒಂದು ಕರು ಪತ್ತೆಯಾಗಿರುತ್ತದೆ, ಏಳು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು ಎಂದು ನೋಟೀಸು ಹೋಯಿತು. ರೇವಮ್ಮ ನೋಟೀಸು ತಂದವನ ಕಡೆ ನೋಡಲೂ ಇಲ್ಲ. ಉತ್ತರ ಬರೆದವಳು ಯಶಸ್ವಿನಿ: "ಕಚ್ಚಾವಸ್ತುವನ್ನು ಸದರಿ ದಿನಾಂಕದಂದು ತಮ್ಮ ದ್ವಾರದ ಮೂಲಕವೇ ಸಕ್ರಮವಾಗಿ ಆಮದು ಮಾಡಿಕೊಂಡಿದ್ದು, ತಯಾರಿಕೆ ಸಂಪೂರ್ಣವಾಗಿ ಸ್ಥಳೀಯವಾಗಿ ನಡೆದಿರುತ್ತದೆ." ಸಮಜಾಯಿಷಿಯನ್ನು ಒಪ್ಪಿಕೊಂಡು ಕಡತ ಮುಕ್ತಾಯಗೊಳಿಸಲಾಯಿತು. ಆ ವರ್ಷದ ವರದಿಯಲ್ಲಿ, ಬಂದರಿನ ಪ್ರಭಾವದಿಂದ ಈ ಪ್ರದೇಶದಲ್ಲಿ ತಯಾರಿಕಾ ವಲಯವೂ ಚೇತರಿಸಿಕೊಂಡಿದೆ ಎಂಬ ಸಾಲು ಸೇರಿತು.

ತೊಂದರೆ ಬಂದದ್ದು ಬೆಳವಣಿಗೆಯಿಂದ. ಮೂರನೇ ಕಂತು ಬೇಕಾದರೆ ಸರಕು ವರ್ಷಕ್ಕೆ ಶೇಕಡಾ ಇಪ್ಪತ್ತು ಹೆಚ್ಚಬೇಕೆಂದು ಸಾಲದ ಕರಾರಿನಲ್ಲಿತ್ತು. ಹಸು ಇದ್ದದ್ದು ಒಂದೇ. ಲಕ್ಷ್ಮೀನರಸಿಂಹಯ್ಯನವರು ತಿಂಗಳ ಕೊನೆಗೆ ತಾವೇ ನಿಟ್ಟೂರಿಗೆ ಹೋಗಿ, ತೋಟದ ಜಗಲಿಯ ಮೇಲೆ ಕೂತು, ಇನ್ನು ಆರು ಸಲ ಓಡಾಡಿದರೆ ಗುರಿ ಮುಟ್ಟುತ್ತದೆ ಎಂದು ಕೈಮುಗಿದು ಕೇಳುವಂತಾಯಿತು. ರೇವಮ್ಮ ಮೊದಮೊದಲು ಪಾಪ ಎಂದು ಒಂದೊಂದು ತೆಂಗಿನಕಾಯಿ ಹಿಡಿದು ಹೋಗಿ ಬರುತ್ತಿದ್ದಳು. ಮಗಳ ಸಲಹೆಯ ಮೇರೆಗೆ ಒಂದು ಮೂಟೆ ಕೊಬ್ಬರಿಯನ್ನು ಒಂದೇ ಸಲ ಒಯ್ಯುವುದನ್ನು ಬಿಟ್ಟು ಹತ್ತು ಚೀಲ ಮಾಡಿ ಹತ್ತು ಸಲ ಒಯ್ದಳು. ಎರಡು ವರ್ಷ ಹೀಗೆ ನಡೆಯಿತು. ಆಕೆಯ ಸೊಂಟ ಹಿಡಿದುಕೊಂಡಿತು. ಒಂದು ವಾರ ಬೆನ್ನು ಎತ್ತಲಾಗದೆ ಮಲಗಿದಾಗ ದೇಶದ ರಫ್ತು ಹೇಗೆ ಕುಸಿಯುತ್ತದೆಂಬುದನ್ನು ನಾವು ಕಣ್ಣಾರೆ ಕಂಡೆವು. ಕಾಂತೇಶ್ ತಾನೇ ಕ್ಯಾತ್ಸಂದ್ರದ ಮೂಳೆ ಕಟ್ಟುವವರನ್ನು ಕರೆದುಕೊಂಡು ಹೋದ. ಅವರು ತಂದ ಎಣ್ಣೆಯೂ ಆಮದಾಯಿತು.

೨೦೦೪ರ ಜುಲೈನಲ್ಲಿ ನ್ಯಾಯಾಲಯದ ತೀರ್ಪು ಬಂತು. ವಾದಿಗೆ ಹೊರಹೋಗಲು ದಾರಿಯಿಲ್ಲದಂತೆ ಮಾಡಿರುವುದು ಸಾಬೀತಾಗಿದ್ದು, ಮೂವತ್ತು ದಿನಗಳೊಳಗೆ ಗೋಡೆಯನ್ನು ತೋಟದ ಕಡೆಯೂ ರಸ್ತೆಯ ಕಡೆಯೂ ಹತ್ತಡಿ ಅಗಲ ಒಡೆದು, ಯಾವ ತಪಾಸಣೆಯೂ ಇಲ್ಲದ ಗಾಡಿ ದಾರಿ ಬಿಡತಕ್ಕದ್ದು. ಯಶಸ್ವಿನಿ ಅದನ್ನು ತಾಯಿಗೆ ಅಂಗಳದಲ್ಲಿ ಗಟ್ಟಿಯಾಗಿ ಓದಿ ಹೇಳಿದಳಂತೆ. ರೇವಮ್ಮ ಇನ್ನೊಂದು ಸಲ ಓದಿಸಿದಳು. ಆಮೇಲೆ ಎದ್ದು ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಐದು ವರ್ಷದಲ್ಲಿ ಆಕೆ ಅತ್ತದ್ದನ್ನು ಮಗಳು ನೋಡಿದ್ದು ಅದೊಂದೇ ಸಲ.

ತೀರ್ಪಿನ ಪ್ರತಿಯನ್ನು ಆವಕಕ್ಕೆ ತೆಗೆದುಕೊಂಡವನು ನಾನೇ. ಅದನ್ನು ಒಳಗೆ ಕೊಟ್ಟು ಬಂದ ಮೇಲೆ ಸಂಜೆಯವರೆಗೆ ಕಚೇರಿಯಲ್ಲಿ ಯಾರೂ ಟೀ ಕುಡಿಯಲಿಲ್ಲ. ಗೋಡೆ ಒಡೆದರೆ ತೋಟ ಬಂದರಿನ ಆಚೆ ಇರುವುದಿಲ್ಲ. ತೋಟ ಆಚೆ ಇರದಿದ್ದರೆ ರಫ್ತಿಲ್ಲ, ಆಮದಿಲ್ಲ, ಕಂತಿಲ್ಲ. ಮೂವತ್ತನಾಲ್ಕು ಜನ ಮೂಲ ಇಲಾಖೆಗಳಿಗೆ ಹೋಗಬೇಕು. ಅದರಲ್ಲಿ ಹನ್ನೆರಡು ಮಂದಿಗೆ ಮೂಲ ಇಲಾಖೆಯೇ ಇರಲಿಲ್ಲ. ಮೇಲಾಗಿ ನಿಧಿಯ ಪರಿಶೀಲನಾ ತಂಡ ಎರಡು ತಿಂಗಳಲ್ಲಿ ಬರುವುದಿತ್ತು.

ಮಾರನೆಯ ಬೆಳಿಗ್ಗೆ ಲಕ್ಷ್ಮೀನರಸಿಂಹಯ್ಯನವರು ತಟ್ಟೆಯಲ್ಲಿ ಬಾಳೆಹಣ್ಣು, ಎಲೆ ಅಡಿಕೆ, ಹೂವು ಹಿಡಿದು ತೋಟಕ್ಕೆ ಹೋದರು. ಹಿಂದೆ ಕಾಂತೇಶ್, ಅವನ ಹಿಂದೆ ನಾನು, ನಮ್ಮ ಹಿಂದೆ ತೂಕದವನಿಂದ ಕ್ರೇನಿನವನವರೆಗೆ ಎಲ್ಲರೂ. ಗಂಗಣ್ಣ ಅಂದು ಮನೆಯಲ್ಲೇ ಇದ್ದ. ಲಕ್ಷ್ಮೀನರಸಿಂಹಯ್ಯನವರು ತಟ್ಟೆಯನ್ನು ರೇವಮ್ಮನ ಮುಂದಿಟ್ಟು, ತೆಂಗಿನ ಮರಗಳ ಕಡೆ ಕೈ ತೋರಿಸಿದರು.

"ಗೋಡೆ ಒಡೆದರೆ ನಿಮ್ಮ ಕೊಬ್ಬರಿ ಬರೀ ಕೊಬ್ಬರಿ ಆಗ್ತದೆ ಅಮ್ಮ," ಎಂದರು. "ಈಗ ಅದು ರಫ್ತು."

ಕ್ರೇನಿನವನು ತನ್ನ ಹೆಂಡತಿ ಗರ್ಭಿಣಿ ಎಂದ. ಇನ್ನೊಬ್ಬ ಮನೆಗೆ ಈಗಷ್ಟೇ ಪಾಯ ಹಾಕಿಸಿದ್ದೇನೆಂದ. ರೇವಮ್ಮ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ನನ್ನ ಮುಖವನ್ನೂ ನೋಡಿದಳು. ಆ ಹೊತ್ತು ನನಗೆ ಆವಕ ಜಾವಕ ಎರಡೂ ಮರೆತುಹೋಯಿತು.

"ಹೊತ್ತು ಹೊತ್ತು ನನ್ ಸೊಂಟ ಬಿದ್ದೋಯ್ತು ಸಾಮಿ," ಎಂದಳು. "ಗೋಡೆ ಇರ್ಲೇಬೇಕು ಅಂದ್ರೆ ಇರ್ಲಿ ಬುಡಿ. ಇನ್ಮೇಲೆ ಹೊರೋರು ನೀವು."

ಒಡಂಬಡಿಕೆ ಅಲ್ಲೇ ಜಗಲಿಯ ಮೇಲೆ ತಯಾರಾಯಿತು. ಕರಡು ತಿದ್ದಿದವಳು ಯಶಸ್ವಿನಿ. ರೇವಮ್ಮನೂ ಮನೆಯವರೂ ಯಾವ ಕಾಗದವಿಲ್ಲದೆ ಯಾವ ಬಾಗಿಲಿನಿಂದ ಬೇಕಾದರೂ ಓಡಾಡಬಹುದು. ಕಾಗದಗಳನ್ನೆಲ್ಲ ಬಂದರಿನವರೇ ಬರೆದುಕೊಳ್ಳತಕ್ಕದ್ದು. ಹಾಲು ಕರೆಯುವುದರಿಂದ ಹಿಡಿದು ಕೊಬ್ಬರಿಯನ್ನು ತಿಪಟೂರು ಮುಟ್ಟಿಸುವವರೆಗಿನ ಸಕಲ ಕೆಲಸ ಬಂದರಿನ ಸಿಬ್ಬಂದಿಗೆ ಸೇರಿದ್ದು. ಪ್ರತಿಯಾಗಿ, ತನಗೆ ಹೊರಗೆ ಹೋಗುವ ದರ್ದೇ ಈಗ ಇಲ್ಲದಿರುವುದರಿಂದ ತೀರ್ಪನ್ನು ಜಾರಿ ಮಾಡಿಸುವ ಉದ್ದೇಶವಿಲ್ಲವೆಂದು ರೇವಮ್ಮ ನ್ಯಾಯಾಲಯಕ್ಕೆ ಬರೆದುಕೊಡುವುದು. ಬರೆದುಕೊಟ್ಟಳು.

ಅದೇ ವಾರ ಸುತ್ತೋಲೆ ಹೊರಟಿತು. 'ಡಿ' ದರ್ಜೆಯವರು ಮರ ಹತ್ತಿ ಕಾಯಿ ಕೆಡವತಕ್ಕದ್ದು. 'ಸಿ' ದರ್ಜೆಯವರು ಸುಲಿಯತಕ್ಕದ್ದು. 'ಬಿ' ದರ್ಜೆಯವರು ಎಣಿಸತಕ್ಕದ್ದು. 'ಎ' ದರ್ಜೆಯ ಅಧಿಕಾರಿಗಳು ನೆರಳಿನಲ್ಲಿ ಕುಳಿತು, ಎಣಿಸಿದ್ದು ಸರಿಯೆಂದು ದೃಢೀಕರಿಸತಕ್ಕದ್ದು. ನೌಕರರ ಸಂಘದವರು ಮರ ಹತ್ತುವುದಕ್ಕೆ ಎತ್ತರದ ಭತ್ಯೆ ಕೇಳಿದರು. ಮೂವತ್ತು ಅಡಿಯ ಮೇಲಿನ ಮರಗಳಿಗೆ ಮಾತ್ರ ಮಂಜೂರಾಯಿತು. ಮರಗಳನ್ನು ಅಳೆಯಲು ಒಂದು ಸಮಿತಿ ರಚನೆಯಾಯಿತು. ಲಕ್ಷ್ಮೀನರಸಿಂಹಯ್ಯನವರು ನಿಧಿಯ ಖರ್ಚಿನಲ್ಲಿ ಹನ್ನೆರಡು ದಿನ ವಿದೇಶಕ್ಕೆ ಹೋಗಿ ಸರಕು ಇಳಿಸುವ ಆಧುನಿಕ ವಿಧಾನಗಳನ್ನು ಅಭ್ಯಾಸ ಮಾಡಿ ಬಂದು, ತೆಂಗಿನಕಾಯಿ ತಾನಾಗಿಯೇ ಮೇಲಿನಿಂದ ಕೆಳಕ್ಕೆ ಬರುವುದರಿಂದ ಹೊಸ ಕ್ರೇನಿನ ಅವಶ್ಯಕತೆ ಇಲ್ಲವೆಂದು ವರದಿ ಕೊಟ್ಟರು. ಇದರಿಂದ ಸರ್ಕಾರಕ್ಕೆ ಆದ ಉಳಿತಾಯ ದೊಡ್ಡದು.

ಕಾಂತೇಶ್ ಹಾಲು ಕರೆಯುವುದನ್ನು ಬೇಗ ಕಲಿತ. ನಾನು ಕಾಯಿ ಸುಲಿಯುತ್ತಿದ್ದೆ. ಮೊದಲ ತಿಂಗಳು ಅಂಗೈಯೆಲ್ಲ ಬೊಬ್ಬೆ, ಆಮೇಲೆ ಗಂಟೆಗೆ ನಲವತ್ತು ಕಾಯಿ ಬರುತ್ತಿತ್ತು. ರೇವಮ್ಮ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತು, ಎಲ್ಲರಿಗೂ ಮಜ್ಜಿಗೆ ಕೊಡಿಸುತ್ತಾ, ಸಿಪ್ಪೆ ಹಾಗೆ ಎಸೀಬೇಡಿ, ಒಂದ್ಕಡೆ ಹಾಕಿ ಎಂದಷ್ಟೇ ಹೇಳುತ್ತಿದ್ದಳು. ಗಂಗಣ್ಣ ರಜೆಯಲ್ಲಿ ಬಂದವನು ಒಂದು ಬೆಳಿಗ್ಗೆಯಿಡೀ ಇದನ್ನು ನೋಡಿ ಬೀಡಿ ಹಚ್ಚಿದ.

"ಹತ್ತೊಂಬತ್ತು ವರ್ಷ ಬಂದರಿಗೆ ಲೋಡ್ ಹೊಡ್ದಿದೀನಿ. ಆಫೀಸರ್‌ಗಳು ಮೂಟೆ ಹೊತ್ತಿದ್ದು ಎಲ್ಲೂ ನೋಡಿಲ್ಲ ಕಣೇ," ಎಂದ. "ಇದೇ ಸರ್ಯಾದ್ ಬಂದರು."

ನಿಧಿಯ ತಂಡ ಬಂತು. ಇಬ್ಬರು ವಿದೇಶೀಯರು, ಒಬ್ಬ ದುಭಾಷಿ. ತೂಕದ ಸೇತುವೆಯ ಮೇಲೆ ಸುಂಕದ ಇನ್‌ಸ್ಪೆಕ್ಟರ್ ಸಮವಸ್ತ್ರದಲ್ಲಿ ಕೊಬ್ಬರಿ ಮೂಟೆ ಹೊತ್ತು ನಿಂತಿದ್ದ ಫೋಟೋ ತೆಗೆದುಕೊಂಡರು. ರಫ್ತುದಾರರನ್ನು ಭೇಟಿ ಮಾಡಬೇಕೆಂದರು. ರೇವಮ್ಮ ಅವರಿಗೆ ಎಳನೀರು ಕೊಟ್ಟಳು. ಬಂದರಿನಿಂದ ನಿಮ್ಮ ಬದುಕು ಹೇಗೆ ಬದಲಾಗಿದೆ ಎಂದು ದುಭಾಷಿಯ ಮೂಲಕ ಕೇಳಿದರು. ಆಕೆ, ಮೊದಲು ಕೆಲಸ ಜಾಸ್ತಿ ಇತ್ತು, ಈಗ ಕಮ್ಮಿ ಎಂದಳು. ದುಭಾಷಿ ಇದನ್ನು ಇಂಗ್ಲಿಷಿಗೆ ಹೇಳಿದಾಗ ಎರಡು ನಿಮಿಷ ಹಿಡಿಯಿತು. ತಂಡದವರು ಎದ್ದು ನಿಂತು ಆಕೆಯ ಕೈ ಕುಲುಕಿದರು. ಸುತ್ತಲೂ ನೆಲದಿಂದ ಆವೃತವಾಗಿ ದಾರಿಯಿಲ್ಲದ ಪ್ರದೇಶಗಳನ್ನು ಜಗತ್ತಿನ ಮಾರುಕಟ್ಟೆಗೆ ಜೋಡಿಸುವುದು ಹೇಗೆಂಬುದಕ್ಕೆ ನಿಟ್ಟೂರು ಮಾದರಿ ಎಂದು ವರದಿ ಬಂತು. ಆ ಪ್ರದೇಶವನ್ನು ಆವರಿಸಿದ್ದು ಯಾವುದೆಂಬ ಬಗ್ಗೆ ವರದಿಯಲ್ಲಿ ಪ್ರಸ್ತಾಪವಿರಲಿಲ್ಲ. ಅದು ತಂಡದ ಪರಿಶೀಲನಾ ವ್ಯಾಪ್ತಿಗೆ ಬರುತ್ತಿರಲಿಲ್ಲ. ಮೂರನೇ ಕಂತು ಬಂತು. ಎರಡನೇ ಹಂತಕ್ಕೆ ಹೊಸ ಸಾಲವೂ ಮಂಜೂರಾಯಿತು.

ಸುದ್ದಿ ಊರಲ್ಲಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಬಂದರಿನ ಹೊರಗೋಡೆಯ ಪಕ್ಕದ ತೋಟದ ಚನ್ನವೀರಯ್ಯ, ಆರು ಎಕರೆಯ ಅನುಕೂಲಸ್ಥರು, ಕಾಯಿ ಕೀಳುವವರು ಸಿಗದೆ ಒದ್ದಾಡುತ್ತಿದ್ದವರು, ಒಂದು ದಿನ ಅರ್ಜಿ ಹಿಡಿದು ಕಚೇರಿಗೆ ಬಂದರು. ಬಂದರಿನ ಗಡಿಗೆ ಗಡಿ ತಾಗಿದ್ದರೂ ತಮ್ಮ ತೋಟವನ್ನು ಮಾತ್ರ ಗೋಡೆಯಿಂದ ಹೊರಗಿಟ್ಟು, ತಮಗೆ ರಸ್ತೆಗೆ ನೇರ ದಾರಿ ಉಳಿಸಿರುವುದು ಪಕ್ಷಪಾತವೆಂದು ಅದರಲ್ಲಿ ಬರೆದಿತ್ತು. ಆ ತಿಂಗಳು ನಾನು ಇಂಥ ಮೂವತ್ತೊಂದು ಅರ್ಜಿಗಳಿಗೆ ನಂಬರು ಹಾಕಿದೆ. ಎರಡನೇ ಹಂತದ ಹಣದಲ್ಲಿ ಗೋಡೆ ಬೆಳೆಯಿತು. ೨೦೦೬ರ ಹೊತ್ತಿಗೆ ಹತ್ತೊಂಬತ್ತು ತೋಟಗಳಿಗೆ ದಾರಿ ಇರಲಿಲ್ಲ. ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಚಿಕ್ಕ ಕಾರ್ಖಾನೆಯವರು ತಮ್ಮನ್ನೂ ಸುತ್ತುಗಟ್ಟಿ ಎಂದು ಕೇಳಿದ್ದರು, ದೂರವಾಗುತ್ತದೆಂದು ತಿರಸ್ಕರಿಸಲಾಯಿತು. ಸಿಬ್ಬಂದಿ ನೂರಾ ಎಂಬತ್ತಾಯಿತು. ಸರಕಿನ ಅಂಕಿಗಳನ್ನು ಬರೆಯಲು ನನ್ನ ಕೈಕೆಳಗೆ ನಾಲ್ಕು ಜನ ಬಂದರು.

ಯಶಸ್ವಿನಿಗೆ ಹಿಂದಿನ ವರ್ಷ ಕುಣಿಗಲ್ಲಿನ ಒಬ್ಬ ಮೇಷ್ಟರೊಂದಿಗೆ ಮದುವೆಯಾಗಿತ್ತು. ಮಗಳಿಗೆ ಏಳು ತಿಂಗಳು ತುಂಬಿ, ಬಾಣಂತನಕ್ಕೆ ಕರೆತರಲು ರೇವಮ್ಮ ಆ ವರ್ಷ ಡಿಸೆಂಬರಿನಲ್ಲಿ ಕುಣಿಗಲ್ಲಿಗೆ ಹೊರಟಳು. ಎರಡು ದಿನದ ರಜೆಯಲ್ಲಿ ಅದೇ ದಿಕ್ಕಿಗೆ ಹೊರಟಿದ್ದ ನನಗೂ ತುಮಕೂರಿನಲ್ಲಿ ಅದೇ ಬಸ್ಸು ಸಿಕ್ಕಿತು. ಹೆಬ್ಬೂರು ದಾಟಿ ಕುಣಿಗಲ್ ಇನ್ನೇನು ಬಂತು ಎನ್ನುವಾಗ ಬಸ್ಸು ನಿಂತಿತು. ರಸ್ತೆಗೆ ಅಡ್ಡವಾಗಿ ಕಲ್ಲುಗಳು, ಉರಿಯುವ ಟೈರು, ಬಾವುಟ. ಅಂದು ಕುಣಿಗಲ್ ಬಂದ್. ಗುಬ್ಬಿ ತಾಲ್ಲೂಕಿನ ಹತ್ತೊಂಬತ್ತು ತೋಟಕ್ಕೆ ಗೋಡೆ ಕಟ್ಟಿ, ಕುಣಿಗಲ್ ತಾಲ್ಲೂಕಿಗೆ ಒಂದೇ ಒಂದು ಇಟ್ಟಿಗೆ ಕೂಡ ಕೊಡದೆ ಸರ್ಕಾರ ಮಲತಾಯಿ ಧೋರಣೆ ತೋರಿದೆ ಎಂದು ಮೈಕಿನಲ್ಲಿ ಒಬ್ಬ ಮುಖಂಡರು ಹೇಳುತ್ತಿದ್ದರು.

ರೇವಮ್ಮ ಬಸ್ಸಿನಿಂದಿಳಿದು ನೆರಳಿರುವ ಕಡೆ ಹೋಗಿ ಕೂತಳು. ಕೊರಳಿಗೆ ಹಸಿರು ಶಾಲು ಸುತ್ತಿಕೊಂಡಿದ್ದ ರೈತನೊಬ್ಬ ನೀರು ಕುಡಿಯಲು ಅತ್ತ ಬಂದವನು ಆಕೆಯ ಊರು ಕೇಳಿದ. ನಿಟ್ಟೂರು ಎಂದಾಗ ಅವನ ಮುಖದಲ್ಲಿ ಗೌರವ ಮೂಡಿತು. ಗೋಡೆಯ ಒಳಗಿನವರಾ ಎಂದು ಕೇಳಿದ. ಹೌದೆಂದಳು. ಅವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಗೋಡೆ ಬಂದರೆ ನಿಜವಾಗಿ ಹೇಗಿರುತ್ತದೆ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದ.

"ಮೊದಲ್ನೇ ವರ್ಷ ಕಷ್ಟ ಆಗುತ್ತೆ ಕಣಪ್ಪ," ಎಂದಳು ರೇವಮ್ಮ. "ಹಾಲು ಒಂದಷ್ಟು ಹಾಳಾಗುತ್ತೆ. ತಡ್ಕಂಡ್ರೆ ಆಮೇಲೆ ಅವ್ರೇ ದಾರಿಗೆ ಬರ್ತಾರೆ."

ಅವನು ತಲೆಯಾಡಿಸಿ, ಬಾಟಲಿಯ ನೀರನ್ನು ಆಕೆಗೆ ಕೊಟ್ಟು, ಎದ್ದು ಹೋಗಿ ಮತ್ತೆ ಘೋಷಣೆ ಕೂಗತೊಡಗಿದ. ಮಧ್ಯಾಹ್ನ ಮೂರೂವರೆಗೆ ಮಂತ್ರಿಗಳ ಕಾರು ಬಂತು. ಪ್ರಸಕ್ತ ಆರ್ಥಿಕ ವರ್ಷ ಮುಗಿಯುವುದರೊಳಗಾಗಿ ಕುಣಿಗಲ್ ತಾಲ್ಲೂಕಿನ ಜನರಿಗೂ ಯಾವುದೇ ತಾರತಮ್ಯವಿಲ್ಲದೆ ದಾರಿ ಮುಚ್ಚಿಕೊಡಲಾಗುವುದು ಎಂದು ಅವರು ಕಾರಿನ ಮೆಟ್ಟಿಲ ಮೇಲೆ ನಿಂತು ಭರವಸೆ ಕೊಟ್ಟರು. ಚಪ್ಪಾಳೆ ಬಿತ್ತು, ಬಂದ್ ಹಿಂತೆಗೆದುಕೊಳ್ಳಲಾಯಿತು, ಜನ ತಾವೇ ಕಲ್ಲುಗಳನ್ನು ಬದಿಗೆ ಸರಿಸಿ ನಮ್ಮ ಬಸ್ಸಿಗೆ ದಾರಿ ಬಿಟ್ಟರು.